ಖುಷಿ ಕೊಡದ ಕೆಲಸ ಬಿಟ್ಟರೆ ಸಿಗುವ ನೆಮ್ಮದಿ ಎಷ್ಟು ದಿನ ಬಾಳುತ್ತದೆ?

ಸಂಬಳ ಸರಿಯಾಗಿ ಬರುತ್ತಿದೆ, ಬೈಯುವವರಿಲ್ಲ, ಆದರೂ ಕೆಲಸದಲ್ಲಿ ಮನಸ್ಸಿಲ್ಲ ಅಂದಿದ್ದೀರಿ. ಕೆಲಸ ಬಿಟ್ಟವರೆಲ್ಲ ‘ಹಗುರಾದೆ’ ಅನ್ನುತ್ತಾರೆ, ಅದು ನಿಜವೇ, ಇನ್ನೊಂದು ಕೆಲಸ ಕೈಯಲ್ಲಿಲ್ಲದೆ ಬಿಡಬಹುದೇ ಎಂದು ಕೇಳಿದ್ದೀರಿ.

ಹಗುರಾಗುವುದು ನಿಜ. ಆದರೆ ಆ ಹಗುರ ಸೋರಿಹೋಗುತ್ತದೆ, ಮತ್ತು ಸೋರುವ ಜಾಗಗಳು ಹೆಚ್ಚುಕಡಿಮೆ ಎಲ್ಲರಿಗೂ ಒಂದೇ: ಲೆಕ್ಕ ಹಾಕದ ದುಡ್ಡು, ಅರ್ಧಂಬರ್ಧ ಬಿಟ್ಟ ಕಾಗದಪತ್ರ, ಮೂರನೇ ವಾರದ ಸೋಮವಾರ. ಮೊದಲೆರಡನ್ನು ರಾಜೀನಾಮೆಗೆ ಮುಂಚೆಯೇ ಮುಚ್ಚಿಕೊಳ್ಳಬಹುದು.

ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಮಾಡಿದ ಒಂದು ಪ್ರಯೋಗ ಇಲ್ಲಿ ನೆನಪಿಗೆ ಬರುತ್ತದೆ. ಬಿಡಲೋ ಇರಲೋ ಎಂದು ತೂಗಾಡುತ್ತಿದ್ದ ಜನರಿಂದ ಆನ್‌ಲೈನ್‌ನಲ್ಲಿ ನಾಣ್ಯ ಚಿಮ್ಮಿಸಿದರು. 20,000ಕ್ಕೂ ಹೆಚ್ಚು ಸಲ ನಾಣ್ಯ ಬಿತ್ತು. ಕೆಲಸ ಬಿಡುವುದೂ ಆ ಪ್ರಶ್ನೆಗಳಲ್ಲಿ ಒಂದು. ದೊಡ್ಡ ವಿಷಯಗಳಲ್ಲಿ ಬದಲಾವಣೆಯ ಕಡೆಗೆ ಹೋದವರು ಆರು ತಿಂಗಳ ನಂತರ ಹೆಚ್ಚು ಸಂತೋಷವಾಗಿದ್ದರು. ಆದರೆ ಅವರೆಲ್ಲ ಅದಾಗಲೇ ಹೊಸ್ತಿಲ ಮೇಲೆ ನಿಂತಿದ್ದವರು. ಒಂದು ಕೆಟ್ಟ ವಾರ ಕಳೆದು ಸಿಟ್ಟಿನಲ್ಲಿರುವವರಿಗೆ ಈ ಫಲಿತಾಂಶ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ.

ನೀವು ಹೊಸ್ತಿಲ ಮೇಲಿದ್ದೀರೋ ಬರೀ ದಣಿದಿದ್ದೀರೋ ಎಂದು ತಿಳಿಯಲು ಹತ್ತು ಕೆಲಸದ ದಿನ ಸಾಕು. ಪ್ರತಿ ಸಂಜೆ ಒಂದು ನೋಟ್‌ಬುಕ್‌ನಲ್ಲಿ ಆ ದಿನ ಮಾಡಿದ ಕೆಲಸಗಳು, ಒಂದೊಂದಕ್ಕೂ ಹಿಡಿದ ನಿಮಿಷ, ಮುಂದೆ ಹಿಡಿಸಿದ್ದಕ್ಕೆ ಕೂಡಿಸು (+), ಹಿಡಿಸದ್ದಕ್ಕೆ ಕಳೆ (−) ಗುರುತು. ಯಾರ ಜೊತೆ ಮಾಡಿದಿರಿ ಅನ್ನುವುದನ್ನೂ ಬರೆಯಿರಿ. ಹತ್ತನೇ ದಿನ ತಿರುವಿ ನೋಡಿದಾಗ ಕಳೆ ಗುರುತುಗಳೆಲ್ಲ ಒಬ್ಬರೇ ವ್ಯಕ್ತಿಯ ಸುತ್ತ ಕೂತಿದ್ದರೆ ಬೇಕಾದದ್ದು ವಿಭಾಗದ ಬದಲಾವಣೆ. ಎಲ್ಲದಕ್ಕೂ ಕಳೆ ಬಿದ್ದಿದ್ದರೆ ಒಂದು ವಾರ ರಜೆ ಹಾಕಿ; ವಾಪಸ್ ಬಂದು ಇನ್ನೊಂದು ವಾರ ಬರೆದಾಗ ಅರ್ಧದಷ್ಟು ಕೂಡಿಸು ಆಗಿದ್ದರೆ ಅದು ದಣಿವು. ಆಗದಿದ್ದರೆ ಕೆಲಸವೇ ನಿಮ್ಮದಲ್ಲ, ಬಿಡುವ ತಯಾರಿ ಶುರುಮಾಡಿ.

ದುಡ್ಡಿನ ವಿಷಯ. ‘ಆರು ತಿಂಗಳ ಖರ್ಚು ಇರಲಿ’ ಎಂದು ಎಲ್ಲರೂ ಹೇಳುತ್ತಾರೆ, ಆ ಆರು ಎಲ್ಲಿಂದ ಬಂತು ಎಂದು ಯಾರೂ ಹೇಳುವುದಿಲ್ಲ. ಬಿಡಿಸಿ ನೋಡೋಣ. ಹುಡುಕಾಟಕ್ಕೆ ನಾಲ್ಕು ತಿಂಗಳು ಎಂದಿಟ್ಟುಕೊಳ್ಳಿ. ಹೊಸ ಕಡೆ ಸೇರಿದ ಮೇಲೂ ಮೊದಲ ಸಂಬಳ ಬರಲು ಒಂದು ತಿಂಗಳು ಬೇಕು, ಇದನ್ನೇ ಹೆಚ್ಚಿನವರು ಮರೆಯುತ್ತಾರೆ. ಎಣಿಸದ ಖರ್ಚಿಗೆ ಇನ್ನೊಂದು. ಆಯಿತು ಆರು. ನಿಮ್ಮ ಕ್ಷೇತ್ರದಲ್ಲಿ ಹುಡುಕಾಟಕ್ಕೆ ಎಂಟು ತಿಂಗಳು ಹಿಡಿಯುವುದಾದರೆ ಹತ್ತು ಬೇಕು. ತಿಂಗಳ ಖರ್ಚನ್ನು ಅಂದಾಜಿನಿಂದ ಹೇಳಬೇಡಿ: ಕಳೆದ 12 ತಿಂಗಳ ಬ್ಯಾಂಕ್ ವಿವರ ತೆಗೆದು, ಹೋದ ಹಣವನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿ. ಆರು ತಿಂಗಳ ವಿವರ ಮಾತ್ರ ನೋಡಿದರೆ ವರ್ಷಕ್ಕೊಮ್ಮೆ ಕಟ್ಟುವ ವಿಮೆ, ಶಾಲೆಯ ಶುಲ್ಕ ತಪ್ಪಿಹೋಗಬಹುದು. ಇದರ ಮೇಲೆ ಕಂಪನಿ ಕೊಡುತ್ತಿದ್ದದ್ದನ್ನು ಸೇರಿಸಿ: ಆರೋಗ್ಯ ವಿಮೆ, ಫೋನ್ ಬಿಲ್, ಲ್ಯಾಪ್‌ಟಾಪ್. ವಿಮೆ ಕೊನೆಯ ದಿನವೇ ನಿಲ್ಲುತ್ತದೋ ತಿಂಗಳ ಕೊನೆಯವರೆಗೆ ಇರುತ್ತದೋ ಕೇಳಿ, ನಿಮ್ಮದೇ ವಿಮೆ ಅದಕ್ಕೆ ಮೊದಲೇ ಶುರುವಾಗಿರಲಿ. ಸಾಲ ತೆಗೆಯುವುದು, ಬಾಡಿಗೆ ಮನೆ ಬದಲಿಸುವುದು ಇದ್ದರೆ ಸಂಬಳದ ಚೀಟಿ ಕೈಯಲ್ಲಿರುವಾಗಲೇ ನಿರ್ಧರಿಸಿ, ಆಮೇಲೆ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ. ಹಾಗೆಂದು ಕೆಲಸ ಬಿಡಲೆಂದೇ ಸಾಲ ಮಾಡುವುದು ನನ್ನ ಲೆಕ್ಕದಲ್ಲಿ ಹುಚ್ಚುತನ.

ಈ ಮೊತ್ತ ಇದ್ದರೆ ಇನ್ನೊಂದು ಕೆಲಸವಿಲ್ಲದೆಯೂ ಬಿಡಬಹುದು. ಇಲ್ಲದಿದ್ದರೆ ಬೇಡ, ಎರಡನೇ ತಿಂಗಳ ಹೊತ್ತಿಗೆ ಹೆದರಿ, ಸಿಕ್ಕಿದ ಮೊದಲ ಕೆಲಸಕ್ಕೆ ಹೂಂ ಅಂದುಬಿಡುತ್ತೀರಿ, ಅದು ಬಿಟ್ಟು ಬಂದದ್ದರ ತದ್ರೂಪವೇ ಆಗಿರಬಹುದು.

ಇನ್ನು ನೇಮಕಾತಿ ಪತ್ರ ಹುಡುಕಿ ತೆಗೆದು ನಾಲ್ಕು ಸಾಲು ಓದಿ. ನೋಟಿಸ್ ಎಷ್ಟು ದಿನ, ರಜಾದಿನಗಳೂ ಅದರಲ್ಲಿ ಸೇರುತ್ತವೆಯೇ, ನಡುವೆ ರಜೆ ಹಾಕಿದರೆ ಅವಧಿ ಮುಂದಕ್ಕೆ ಹೋಗುತ್ತದೆಯೇ, ಸೇರುವಾಗ ಕೊಟ್ಟ ಬೋನಸ್ ಅಥವಾ ತರಬೇತಿಯ ಖರ್ಚು ವಾಪಸ್ ಕೊಡಬೇಕೇ. ವರ್ಷದ ಬೋನಸ್ ಬರುವುದಿದ್ದರೆ ಖಾತೆಗೆ ಜಮಾ ಆಗುವವರೆಗೆ ಬಾಯಿ ಬಿಡಬೇಡಿ. ‘ಘೋಷಣೆ ಆಗಿದೆ’ ಅನ್ನುವುದು ದುಡ್ಡಲ್ಲ.

ಆಫೀಸಿನ ಇಮೇಲ್ ಕೊಟ್ಟು ತೆರೆದ ಸ್ವಂತ ಖಾತೆಗಳನ್ನು ಈಗಲೇ ಬದಲಿಸಿ. ಆಫೀಸಿನ ಫೋನ್ ನಂಬರಿಗೆ ಬ್ಯಾಂಕಿನ ಒಟಿಪಿ ಬರುತ್ತಿದ್ದರೆ ಅದನ್ನಂತೂ ಮೊದಲು. ರಾಜೀನಾಮೆ ಕೊಟ್ಟ ಗಂಟೆಯಲ್ಲೇ ಲಾಗಿನ್ ಮುಚ್ಚುವ ಕಡೆಗಳೂ ಇವೆ. ಸಂಬಳದ ಚೀಟಿ, ತೆರಿಗೆಯ ಕಾಗದ, ಸ್ವಂತ ಫೋಟೊ ಇಳಿಸಿಕೊಳ್ಳಿ. ಗ್ರಾಹಕರ ಪಟ್ಟಿ, ಕೋಡ್, ವರದಿಗಳಿಗೆ ಕೈ ಹಾಕಬೇಡಿ. ಅವು ಕಂಪನಿಯ ಆಸ್ತಿ, ಒಟ್ಟಿಗೆ ನೂರಾರು ಫೈಲ್ ಇಳಿಸಿದ್ದು ದಾಖಲೆಯಲ್ಲಿ ಕಾಣುತ್ತದೆ.

ಹೇಳುವ ಕ್ರಮ: ಮೊದಲು ಮೇಲಿನವರಿಗೆ ಮುಖತಃ, ಅದೇ ದಿನ ಇಮೇಲ್, ತಲುಪಿದೆ ಎಂಬ ಉತ್ತರ ಬರುವವರೆಗೆ ಬೆನ್ನುಬಿಡಬಾರದು. ಪತ್ರದಲ್ಲಿ ಮೂರೇ ಸಾಲು: ರಾಜೀನಾಮೆ ಕೊಡುತ್ತಿದ್ದೇನೆ, ನನ್ನ ಕೊನೆಯ ದಿನ ಇಂಥ ತಾರೀಖು, ಅಷ್ಟರಲ್ಲಿ ಕೆಲಸ ಒಪ್ಪಿಸುತ್ತೇನೆ. ಕಾರಣ ಬರೆಯಬೇಡಿ. ಬರೆದ ಕಾರಣ ವಾದಕ್ಕೆ ದಾರಿ, ಅದು ದೂರು ಆಗಿದ್ದರೆ ಕಡತದಲ್ಲಿ ಉಳಿಯುತ್ತದೆ. ‘ಸಂಬಳ ಹೆಚ್ಚಿಸುತ್ತೇವೆ, ಇರಿ’ ಅಂದರೆ ನೋಟ್‌ಬುಕ್ ತೆರೆದು ನೋಡಿ: ಹೆಚ್ಚಿದ ಸಂಬಳದಿಂದ ಯಾವ ಕಳೆ ಗುರುತು ಕೂಡಿಸು ಆಗುತ್ತದೆ? ನಿಮ್ಮ ದೂರು ಸಂಬಳದ್ದಲ್ಲವಲ್ಲ.

ಕೆಲಸ ಒಪ್ಪಿಸುವಾಗ ಒಂದು ಕೆಲಸಕ್ಕೆ ಒಂದು ಪುಟ: ಯಾವಾಗ ಮಾಡಬೇಕು, ಫೈಲ್ ಎಲ್ಲಿದೆ, ಯಾರನ್ನು ಕೇಳಬೇಕು, ಎಲ್ಲಿ ಕೆಡುತ್ತದೆ. ಕೊನೆಯದೇ ಮುಖ್ಯ. ಅದಿಲ್ಲದಿದ್ದರೆ ಬಿಟ್ಟ ಮೇಲೂ ಫೋನ್ ಬರುತ್ತಿರುತ್ತದೆ.

ಈಗ ಮೂರನೇ ವಾರ. ಮೊದಲ ವಾರ ನಿದ್ದೆ, ಎರಡನೇ ವಾರ ತಿರುಗಾಟ, ಆಮೇಲೊಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲರೂ ಎಲ್ಲೋ ಹೋಗಿರುತ್ತಾರೆ, ನೀವೊಬ್ಬರೇ ಮನೆಯಲ್ಲಿ. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆಂಥಾಲ್ ಎಂಬಲ್ಲಿ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಸಮಾಜ ಮನೋವಿಜ್ಞಾನಿ ಮರೀ ಯಹೋದಾ ಮತ್ತು ಸಂಗಡಿಗರು ಅಲ್ಲಿನವರ ಬದುಕನ್ನು ಅಧ್ಯಯನ ಮಾಡಿದರು. ಸಮಯ ಹೇರಳವಾಗಿತ್ತು, ಆದರೆ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು. ಅವರು ಕೆಲಸ ಕಳೆದುಕೊಂಡವರು, ಬಡತನವೂ ಇತ್ತು, ನಿಮ್ಮ ಹಾಗೆ ಬಿಟ್ಟವರಲ್ಲ. ಆದರೂ ಯಹೋದಾ ಮುಂದೆ ಗುರುತಿಸಿದ ಸಂಗತಿ ಇಲ್ಲಿಗೂ ಹೊಂದುತ್ತದೆ: ಕೆಲಸ ದುಡ್ಡಿನ ಜೊತೆಗೆ ದಿನಕ್ಕೊಂದು ಚೌಕಟ್ಟು, ಮನೆಯಾಚೆಯ ಒಡನಾಟ, ಕೂಡಿ ಸಾಧಿಸುವ ಗುರಿ, ಸ್ಥಾನಮಾನ, ನಿಯಮಿತ ಚಟುವಟಿಕೆ ಕೊಡುತ್ತದೆ. ಇಷ್ಟವಿಲ್ಲದ ಕೆಲಸವೂ ಕೊಡುತ್ತದೆ, ಅದೇ ತಮಾಷೆ.

ಹಾಗಾಗಿ ಮೊದಲ ಎರಡು ವಾರ ಏನೂ ಮಾಡಬೇಡಿ, ಮೂರನೆಯದರಿಂದ ಏಳುವ ಹೊತ್ತು ಗೊತ್ತುಮಾಡಿ. ಬೆಳಗಿನ ಮೂರು ಗಂಟೆ ಹುಡುಕಾಟ ಅಥವಾ ಕಲಿಕೆಗೆ, ಅದಕ್ಕಿಂತ ಹೆಚ್ಚು ಬೇಡ. ವಾರಕ್ಕೆ ಎರಡು ಸಲವಾದರೂ ನಿಮಗಾಗಿ ಯಾರಾದರೂ ಕಾಯುತ್ತಿರುವ ಜಾಗಕ್ಕೆ ಹೋಗಿ: ತರಗತಿ, ಆಟ, ಸ್ವಯಂಸೇವೆ, ಏನಾದರೂ ಸರಿ. ತಿಂಗಳ ಮೊದಲ ದಿನ ಉಳಿದ ಹಣವನ್ನು ತಿಂಗಳ ಖರ್ಚಿನಿಂದ ಭಾಗಿಸಿ ಬರೆದಿಡಿ. ಅದು ಮೂರಕ್ಕೆ ಇಳಿದರೆ ತಾತ್ಕಾಲಿಕ ಕೆಲಸವನ್ನಾದರೂ ಹಿಡಿಯಿರಿ.

ಹೊಸ ಕೆಲಸದ ಮೊದಲ ತಿಂಗಳ ಉತ್ಸಾಹವನ್ನು ಪೂರ್ತಿ ನಂಬಬೇಡಿ. ಕೆಲಸ ಬದಲಿಸಿದ ಮ್ಯಾನೇಜರ್‌ಗಳ ಮೇಲೆ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೃಪ್ತಿ ಮೊದಲು ಏರಿ ಆಮೇಲೆ ಇಳಿದದ್ದು ಕಂಡಿತು. ಸಂಶೋಧಕರು ಅದನ್ನು ಹನಿಮೂನ್–ಹ್ಯಾಂಗೋವರ್ ಎಂದು ಕರೆದರು. ಸೇರಿದ ಆರನೇ ತಿಂಗಳಿಗೆ ಅದೇ ನೋಟ್‌ಬುಕ್ ತೆಗೆದು ಮತ್ತೆ ಹತ್ತು ದಿನ ಬರೆಯಿರಿ, ಹಳೆಯ ಪುಟಗಳ ಪಕ್ಕದಲ್ಲೇ.