ಸೇವಾಸಂಸ್ಥೆ ಮುನ್ನಡೆಸಿ ದೇಣಿಗೆ ಎತ್ತುವವರಿಗೆ ಪ್ರೇರಣೆ ಎಲ್ಲಿಂದ ಬರುತ್ತದೆ?

ಬಹಳಷ್ಟು ಸಲ ಸ್ವಂತ ನೋವಿನಿಂದಲೇ ಎಂಬುದು ನನ್ನ ಅನಿಸಿಕೆ. ಕೆನಡಾದ ಟೆರಿ ಫಾಕ್ಸ್ 1977ರಲ್ಲಿ, 18ನೇ ವಯಸ್ಸಿಗೆ, ಮೂಳೆ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡರು. ಆಸ್ಪತ್ರೆಯಲ್ಲಿ ಉಳಿದ ರೋಗಿಗಳು, ಅದರಲ್ಲೂ ಮಕ್ಕಳು, ಪಡುತ್ತಿದ್ದ ಸಂಕಟ ಅವರನ್ನು ಕಾಡಿತು. 1980ರಲ್ಲಿ ಕೃತಕ ಕಾಲಿನಲ್ಲೇ 143 ದಿನ, 5,373 ಕಿಲೋಮೀಟರ್ ಓಡಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿದರು. ರೋಗ ಶ್ವಾಸಕೋಶಕ್ಕೆ ಹರಡಿದಾಗಷ್ಟೇ ಓಟ ನಿಂತದ್ದು.

ಕೊಡುವುದರಲ್ಲೇ ಒಂದು ಸುಖವೂ ಇದೆ. ದಾನಿಗೆ ಪರರ ಒಳಿತಿನ ಜೊತೆ ತಾನು ಕೊಟ್ಟೆನೆಂಬ ತೃಪ್ತಿಯೂ ಸಿಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿ ಸಿದ್ಧಾಂತವನ್ನೇ ಮಂಡಿಸಿದರು. ಇದನ್ನು ಸ್ವಾರ್ಥವೆಂದು ಹೀಗಳೆಯುವುದು ನನಗೆ ಒಪ್ಪಿಗೆಯಿಲ್ಲ. ಧರ್ಮಶ್ರದ್ಧೆ, ಅಗಲಿದವರ ನೆನಪು, ಹೆಸರಿನ ಆಸೆ ಇವೂ ಇರುತ್ತವೆ.

ಆದರೆ ಶುರುಮಾಡಿಸುವುದು ಬೇರೆ, ಉಳಿಸಿಕೊಳ್ಳುವುದು ಬೇರೆ. ಹಣ ಕೇಳುವುದು ಯಾರಿಗೂ ಸುಲಭವಲ್ಲ. ತನಗಾಗಿ ಕೇಳುತ್ತಿಲ್ಲ ಎಂಬ ಅರಿವು ಆ ಸಂಕೋಚವನ್ನು ಕಳೆಯುತ್ತದೆ. ಮನಶ್ಶಾಸ್ತ್ರಜ್ಞ ಆಡಂ ಗ್ರಾಂಟ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಶ್ವವಿದ್ಯಾಲಯಕ್ಕಾಗಿ ಫೋನಿನಲ್ಲಿ ದೇಣಿಗೆ ಕೇಳುತ್ತಿದ್ದವರು ವಿದ್ಯಾರ್ಥಿವೇತನ ಪಡೆದ ಒಬ್ಬರನ್ನು ಕೆಲವೇ ನಿಮಿಷ ಭೇಟಿಯಾದ ಮೇಲೆ, ಒಂದು ತಿಂಗಳ ನಂತರವೂ, ಮೊದಲಿಗಿಂತ ಬಹಳ ಹೆಚ್ಚು ಹಣ ಎತ್ತಿದರು. ನೀವೂ ತಂಡ ಕಟ್ಟುತ್ತಿದ್ದರೆ ಮೊದಲು ಇಂಥ ಭೇಟಿ ಮಾಡಿಸಿ.