ತಲೆನೋವಿನ ಬೊಟಾಕ್ಸ್: ಮೊದಲು ಕ್ಯಾಲೆಂಡರ್ ನೋಡಿ

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಮ್ಮ ಯಜಮಾನರು ಖಣ ನೇಯುವವರು. ಹೋದ ವರ್ಷ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಸ್ಕ್ಯಾನ್ ಈಗ ಸರಿಯಿದೆ. ಆದರೆ ಆ ವಾರ ಹಿಡಿದ ತಲೆನೋವು ಇನ್ನೂ ಬಿಟ್ಟಿಲ್ಲ. ಲಾಳಿಯ ಸದ್ದು ಕೇಳಿದರೆ ಸಾಕು, ಕತ್ತಲೆ ಕೋಣೆ ಸೇರುತ್ತಾರೆ, ವಾಂತಿಯೂ ಆಗುತ್ತದೆ. ದಿನವೂ ನೋವಿನ ಮಾತ್ರೆ ನುಂಗುತ್ತಾರೆ. ಮಗ್ಗ ಮಾರಿಬಿಡೋಣ ಎನ್ನುತ್ತಿದ್ದಾರೆ. ಈಗ ಬೊಟಾಕ್ಸ್ ಚುಚ್ಚುಮದ್ದಿನ ಸಲಹೆ ಬಂದಿದೆ. ಅದು ವಿಷವಂತೆ, ಮಿದುಳಿಗೇ ಚುಚ್ಚುತ್ತಾರಂತೆ. ಹಾಕಿಸಲೇ?
– ಓದುಗರು, ಗುಳೇದಗುಡ್ಡ

ಉತ್ತರ: ತಂಗಿ, ಮಿದುಳಿಗೆ ಯಾರೂ ಚುಚ್ಚುವುದಿಲ್ಲ. ಹಣೆ, ಕಿವಿಯ ಮೇಲಿನ ಕಣತಲೆ, ತಲೆಯ ಹಿಂಭಾಗ, ಕುತ್ತಿಗೆ, ಭುಜ – ಇಲ್ಲಿನ ಸ್ನಾಯುಗಳಲ್ಲಿ 31 ಕಡೆ, ಕೂದಲೆಳೆಯಂಥ ಸೂಜಿಯಿಂದ, ಒಟ್ಟು 155 ಯೂನಿಟ್ ಔಷಧ ಕೊಡುತ್ತಾರೆ. ಕಾಲು ಗಂಟೆಯ ಕೆಲಸ. ಮೂಲದಲ್ಲಿ ಅದು ಬ್ಯಾಕ್ಟೀರಿಯಾದ ವಿಷವೆಂಬುದು ನಿಜ. ಆದರೆ ಈ ಅಲ್ಪ ಪ್ರಮಾಣದಲ್ಲಿ ಅದು ನರದ ತುದಿಯಿಂದ ನೋವಿನ ರಾಸಾಯನಿಕಗಳು ಹೊರಬೀಳದಂತೆ ಸುಮಾರು ಮೂರು ತಿಂಗಳು ತಡೆಯುತ್ತದೆ. ಆದ್ದರಿಂದಲೇ 12 ವಾರಕ್ಕೊಮ್ಮೆ ಮತ್ತೆ ಹಾಕಿಸಬೇಕು.

ಹಾಕಿಸುವ ಮುನ್ನ ಗೋಡೆಯ ಕ್ಯಾಲೆಂಡರ್ ತೆಗೆಯಿರಿ. ತಲೆನೋವು ಬಂದ ದಿನಕ್ಕೆ ಕಪ್ಪು ಚುಕ್ಕೆ, ಮಾತ್ರೆ ನುಂಗಿದ ದಿನಕ್ಕೆ ಕೆಂಪು ಚುಕ್ಕೆ. ಅಮೆರಿಕದಲ್ಲಿ 2010ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ದೀರ್ಘಕಾಲಿಕ ಮೈಗ್ರೇನ್‌ಗೆ, ಅಂದರೆ ತಿಂಗಳಲ್ಲಿ 15 ದಿನವಾದರೂ ತಲೆನೋವು ಇರುವವರಿಗೆ. ಪೆಟ್ಟಿನಿಂದ ಬಂದ ತಲೆನೋವಿನಲ್ಲಿ ಇದರ ಬಗ್ಗೆ ಪುರಾವೆ ಇನ್ನೂ ಕಡಿಮೆ. ಆದರೆ ಆ ನೋವು ನಿಮ್ಮವರಂತೆ ಮೈಗ್ರೇನ್ ಲಕ್ಷಣ ತೋರಿದಾಗ ನಾವು ಬಳಸುತ್ತೇವೆ.

ನನಗೆ ನಿಜವಾಗಿ ಚಿಂತೆಯಾಗಿದ್ದು ಕೆಂಪು ಚುಕ್ಕೆಗಳದ್ದು. ತಿಂಗಳಿಗೆ 15 ದಿನ ಅಥವಾ ಹೆಚ್ಚು ನುಂಗುತ್ತಾ ಹೋದರೆ ಸಾಮಾನ್ಯ ನೋವಿನ ಮಾತ್ರೆಯೇ ತಲೆನೋವು ತರಬಹುದು. ಗೋಕಾಕ ಕಡೆಯ ಮೇಷ್ಟ್ರೊಬ್ಬರು ಅಂಗಿಯ ಜೇಬಿನಲ್ಲಿ ಸೀಮೆಸುಣ್ಣದ ಜೊತೆಗೇ ಮಾತ್ರೆಯ ಪಟ್ಟಿ ಇಟ್ಟುಕೊಂಡು ಬರುತ್ತಿದ್ದರು. ಆ ಪಟ್ಟಿ ಬಿಡಿಸುವುದಕ್ಕೇ ಎರಡು ತಿಂಗಳು ಹಿಡಿಯಿತು. ಮೊದಲ ವಾರಗಳಲ್ಲಿ ನೋವು ಹೆಚ್ಚಿತು, ನನ್ನ ಮೇಲೆ ಸಿಟ್ಟೂ ಆದರು. ಆಮೇಲೆ ಚುಚ್ಚುಮದ್ದಿನ ಎರಡನೇ ಸುತ್ತಿಗೆ ತಿಂಗಳಿನ 20 ಕಪ್ಪು ಚುಕ್ಕೆ 11ಕ್ಕೆ ಇಳಿದವು. ನೋವು ಪೂರ್ತಿ ಹೋಗಲಿಲ್ಲ. ಶಾಲೆಗೆ ಮಾತ್ರ ಮರಳಿದರು.

ಪ್ರೊಪ್ರನಲಾಲ್, ಅಮಿಟ್ರಿಪ್ಟಿಲಿನ್, ಟೊಪಿರಮೇಟ್‌ನಂಥ ತಡೆಗಟ್ಟುವ ಮಾತ್ರೆಗಳನ್ನು ಅವರಿಗೆ ಕೊಟ್ಟು ನೋಡಿದ್ದಾರೆಯೇ? ಇಲ್ಲವಾದರೆ ನರರೋಗ ತಜ್ಞರನ್ನು ಅದನ್ನೇ ಮೊದಲು ಕೇಳಿ. ಚುಚ್ಚುಮದ್ದು ದುಬಾರಿ, ಸಾಲ ಮಾಡಿ ಆಮೇಲೆ ಕೊರಗುವಂತಾಗಬಾರದು. ಸ್ನಾಯು ದೌರ್ಬಲ್ಯದ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಹಾಕಿಸಿದ ಮೇಲೆ ಕುತ್ತಿಗೆ ನೋಯಬಹುದು, ರೆಪ್ಪೆ ಕೆಲವು ವಾರ ಜೋಲಬಹುದು. ನುಂಗಲು, ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಓಡಿ. ಫಿಟ್ಸ್ ಬಂದರೆ, ಕೈಕಾಲು ಸೋತರೆ, ಮಂಪರು ಕವಿದರೆ ಅದು ಬೇರೆ ವಿಷಯ, ಅಂದೂ ತಡಮಾಡಬೇಡಿ.

ಎರಡು ಸುತ್ತು ಎಂದರೆ ಆರು ತಿಂಗಳು. ಅಲ್ಲಿಯವರೆಗೆ ಮಗ್ಗ ಮಾರಬೇಡಿ, ತಂಗಿ.