ಹಳೇ ಬಟ್ಟೆ ಬೇಡ ಅಂದ್ಬಿಟ್ರು, ಈಗ ನಾವೇನ್ ಮಾಡ್ಬಹುದು?

ಪ್ರಶ್ನೆ: ಮೇಡಂ ನಮಸ್ತೆ. ನಾವೊಂದಷ್ಟು ಜನ ಕಾಲೇಜ್ ಫ್ರೆಂಡ್ಸ್, ಎಲ್ರಿಗೂ 17-18 ವಯಸ್ಸು. ಮನೆಮನೆ ಸುತ್ತಿ ಹಳೇ ಬಟ್ಟೆ ಒಟ್ಟುಮಾಡಿ ಮನೆ ಇಲ್ಲದೋರ ಶೆಲ್ಟರ್‌ಗೆ ತಗೊಂಡು ಹೋದ್ರೆ ಬೇಡ ಅಂದ್ಬಿಟ್ರು, ತುಂಬಾ ಬೇಜಾರಾಯ್ತು. ನಮ್ಮತ್ರ ಜಾಸ್ತಿ ದುಡ್ಡೂ ಇಲ್ಲ, ಏನ್ ಮಾಡ್ಬಹುದು ಹೇಳಿ.

ಉತ್ತರ: ಬೇಜಾರ್ ಮಾಡ್ಕೋಬೇಡಿ. ಮೂಟೆ ಬಂದ್ರೆ ಅದನ್ನ ಬಿಚ್ಚಿ ಹರಿದಿದ್ದು ಬೇರೆ ಮಾಡಿ ಒಗೆದು ಸೈಜ್ ನೋಡಿ ಜೋಡಿಸೋಕೆ ಆಳು ಬೇಕು, ಇಡೋಕೆ ಜಾಗ ಬೇಕು, ಎರಡೂ ಅಲ್ಲಿ ಕಷ್ಟ. ಅದಕ್ಕೇ ಇನ್ಮೇಲೆ ಮೊದ್ಲು ಫೋನ್ ಮಾಡಿ, ಈಗ ನಿಮ್ಗೇನು ಕಮ್ಮಿ ಬಿದ್ದಿದೆ ಅಂತ ಕೇಳಿ. ಸಾಮಾನ್ಯವಾಗಿ ಸಾಕ್ಸ್, ಒಳಉಡುಪು, ಸ್ಯಾನಿಟರಿ ಪ್ಯಾಡ್ ಅಂತಾರೆ, ಅಂದ್ರೆ ಯಾರ ಬೀರುವಿನಲ್ಲೂ ಹಳೇದು ಅಂತ ಸಿಗದೇ ಇರೋವು.

ಸಾಕ್ಸಾ ಅಂತ ನಗ್ಬೇಡಿ. ಬೀದೀಲಿರೋರು ದಿನವಿಡೀ ನಡೀತಾರೆ, ರಾತ್ರಿ ಶೂ ಬಿಚ್ಚಿಟ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ ಅಂತ ಹಾಕ್ಕೊಂಡೇ ಮಲಗೋರಿದ್ದಾರೆ, ಒದ್ದೆ ಸಾಕ್ಸ್ ಒಳಗೇ ಕಾಲು ಇದ್ದೂ ಇದ್ದೂ ಚರ್ಮ ಬೆಳ್ಳಗಾಗಿ ಜೋಮು ಹಿಡಿದು ಆಮೇಲೆ ಒಡೆದು ಹುಣ್ಣಾಗುತ್ತೆ. ಮೊದಲ ಮಹಾಯುದ್ಧದಲ್ಲಿ ಕಂದಕದ ಸೈನಿಕರನ್ನ ಕಾಡಿದ ಟ್ರೆಂಚ್ ಫುಟ್ ಇದೇ. ಶುಗರ್ ಇದ್ದೋರಿಗಂತೂ ಗಾಯ ಆಗಿದ್ದೇ ಗೊತ್ತಾಗದೆ ಬೆರಳು ತೆಗೆಯೋವರೆಗೂ ಹೋಗ್ಬಹುದು. ಹಾಗಾಗಿ ಹೊಸ ಸಾಕ್ಸ್ ಕೊಡಿ, ಒಂದು ಜೊತೆ ಅಲ್ಲ, ಎರಡು.

ದುಡ್ಡು ಬೇಡದ ಕೆಲಸ ಅಂದ್ರೆ ಅರ್ಜಿ ತುಂಬೋದು. ಬ್ಯಾಗ್ ಕಳೆದ್ರೆ ಗುರುತಿನ ಚೀಟಿನೂ ಹೋಯ್ತು, ಅದಿಲ್ದೆ ಕೆಲಸ ಕೊಡಲ್ಲ, ಬ್ಯಾಂಕ್ ಅಕೌಂಟ್ ಆಗಲ್ಲ, ಬಾಡಿಗೆ ಮನೆ ಕೇಳೋ ಹಾಗೇ ಇಲ್ಲ, ಹೊಸದಕ್ಕೆ ಅಪ್ಲೈ ಮಾಡೋಣ ಅಂದ್ರೆ ವಿಳಾಸ ಕೊಡಿ ಅಂತಾರೆ! ಈಗ ಬಹಳಷ್ಟು ಅರ್ಜಿ ಆನ್‌ಲೈನ್, ನಿಮಗೆ ಅದು ನೀರು ಕುಡಿದಷ್ಟು ಸುಲಭ. ಶೆಲ್ಟರ್ ಸಿಬ್ಬಂದಿ ಪಕ್ಕದಲ್ಲಿರೋವಾಗ ಕೂತು ತುಂಬಿಕೊಡಿ, ಆದ್ರೆ ಅವರ ದಾಖಲೆ ನಿಮ್ಮ ಫೋನಲ್ಲಿ ಉಳಿಸ್ಕೋಬೇಡಿ. ವಾರಕ್ಕೆ ಎರಡೇ ಗಂಟೆ ಆದ್ರೂ ತಪ್ಪದೆ ಹೋಗಿ, ಒಂದಿನ ಬ್ಯಾನರ್ ಹಿಡ್ಕೊಂಡು ಬಂದು ಮಾಯ ಆಗೋರನ್ನ ಅವ್ರು ಸಾಕಷ್ಟು ನೋಡಿದ್ದಾರೆ. ರೀಲ್ಸ್ ಬೇಡವೇ ಬೇಡ, ಮುಖ ಬ್ಲರ್ ಮಾಡ್ತೀವಿ ಅಂದ್ರೂ ಬೇಡ.

ರಾತ್ರಿ ಒಬ್ಬೊಬ್ರೇ ಹೋಗ್ಬೇಡಿ, ದೊಡ್ಡೋರು ಜೊತೆಗಿರ್ಲಿ. ಚಳಿಯಲ್ಲಿ ಯಾರಾದ್ರೂ ಗಡಗಡ ನಡುಗ್ತಿದ್ದು ನಡುಕ ನಿಂತೋಗಿ ಮಾತು ತೊದಲ್ತಿದ್ರೆ ಕುಡಿದಿರ್ಬೇಕು ಅಂತ ದಾಟಿ ಹೋಗ್ಬೇಡಿ, ಮೈ ಶಾಖ ಅಪಾಯದ ಮಟ್ಟಕ್ಕೆ ಇಳಿದಿರ್ಬಹುದು, ತಕ್ಷಣ ಆಂಬುಲೆನ್ಸ್ ಕರೀರಿ.

ಕುಡಿತ ಬಿಟ್ರೆ ಮಾತ್ರ ಮನೆ ಅನ್ನೋ ವಾದ ನಿಮ್ಮ ಕಾಲೇಜಲ್ಲೂ ಬರುತ್ತೆ. ಆಗ ಫಿನ್ಲೆಂಡ್ ಉದಾಹರಣೆ ಕೊಡಿ, ಅಲ್ಲಿ 2008ರಿಂದ ಷರತ್ತಿಲ್ದೆ ಮೊದ್ಲು ಮನೆ, ಚಿಕಿತ್ಸೆ ಕೆಲಸ ಎಲ್ಲ ಆಮೇಲೆ ಅನ್ನೋ ನೀತಿ ತಂದು ಮನೆ ಇಲ್ಲದೋರ ಸಂಖ್ಯೆನ ಚೆನ್ನಾಗೇ ಇಳಿಸಿದ್ರು.

ಇನ್ನೊಂದು, ನೀವು ಕೇಳಿಲ್ಲ ಆದ್ರೂ ಹೇಳ್ತೀನಿ. ಮನೆ ಇಲ್ಲದೋರೆಲ್ಲ ಫುಟ್‌ಪಾತಲ್ಲೇ ಇರಲ್ಲ. ಇವತ್ತು ಒಬ್ಬ ಫ್ರೆಂಡ್ ಮನೆ ನಾಳೆ ಇನ್ನೊಬ್ರ ಮನೆ ಅಂತ ಮಲಗೋ ಹುಡುಗ ಹುಡುಗಿ ನಿಮ್ಮ ಕ್ಲಾಸಲ್ಲೇ ಇರ್ಬಹುದು. ಯಾವಾಗ್ಲೂ ದೊಡ್ಡ ಬ್ಯಾಗು, ಫೋನ್ ಚಾರ್ಜ್ ಇರಲ್ಲ, ಕ್ಲಾಸ್ ಮುಗಿದ್ರೂ ಎದ್ದು ಹೋಗೋಕೆ ಅವಸರ ಇಲ್ಲ, ಇಷ್ಟು ಕಂಡ್ರೆ ಎಲ್ಲರ ಮುಂದೆ ಕೇಳ್ಬೇಡಿ. ಒಂಟಿಯಾಗಿ ಸಿಕ್ಕಾಗ ಮೆಲ್ಲಗೆ ವಿಚಾರಿಸಿ, ಒಪ್ಪಿದ್ರೆ ಅವ್ರಿಗೆ ನಂಬಿಕೆ ಇರೋ ಟೀಚರ್ ಹತ್ರ ಜೊತೇಲಿ ನೀವೂ ಹೋಗಿ.